ವಾಸಿಯಾಗಬಾರದ ಕೈ

ಎರಡು ಸಾವಿರದ ಆರನೇ ಇಸವಿಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಜೇಡ ಕಚ್ಚಿ ಸತ್ತವರು ಯಾರೂ ಇಲ್ಲ. ಅದರ ಹಿಂದಿನ ವರ್ಷವೂ ಇರಲಿಲ್ಲ. ಅದಕ್ಕೂ ಹಿಂದೆ ಯಾರಾದರೂ ಸತ್ತದ್ದನ್ನು ಕಂಡವರಿದ್ದಾರೆಯೇ ಎಂದು ವಿಚಾರಿಸಲಾಗಿ, ಅಂಥವರೂ ಸಿಗಲಿಲ್ಲ. ಪರಿಸ್ಥಿತಿ ಹೀಗೆ ಕೈಮೀರುತ್ತಿರುವುದನ್ನು ಮನಗಂಡು, ಮರುವರ್ಷದ ಆರಂಭದಲ್ಲಿ ಜೇಡ ಕಡಿತ ನಿಯಂತ್ರಣ ಹಾಗೂ ಪರಿಹಾರ ಸಮಿತಿಯನ್ನು ರಚಿಸಲಾಯಿತು.

ಅಧ್ಯಕ್ಷರಾಗಿ ಮರಿಯಯ್ಯನವರು ನೇಮಕಗೊಂಡರು. ಅವರು ಅದುವರೆಗೆ ಪಾರ್ಥೇನಿಯಂ ಕಳೆ ನಿರ್ಮೂಲನ ಸಮಿತಿಗೆ ಅಧ್ಯಕ್ಷರಾಗಿದ್ದರು. ಕಳೆ ಹಾಗೇ ಇದ್ದು ಸಮಿತಿಯ ಅವಧಿ ಮಾತ್ರ ಮುಗಿದುಹೋಗಿದ್ದರಿಂದ ಅವರಿಗೆ ಬಿಡುವಿತ್ತು. ವಾಪಸ್ಸು ಕೊಡದ ಒಂದು ಜೀಪೂ ಇತ್ತು.

ಸಮಿತಿಯ ಹುಟ್ಟಿಗೆ ಕಾರಣವಾದದ್ದು ಮೈಮುನಾಳ ಬಲಗೈ.

ಮೈಮುನಾ ಪೇಟೆಯಂಚಿನ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳು. ಗಂಡ ಇನಾಯತ್ ಉಲ್ಲಾ ಹೆದ್ದಾರಿ ಬದಿಯಲ್ಲಿ ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದ. ಮಕ್ಕಳು ಮೈಮುನಾಳ ಸಾರಿಗೆ ತಟ್ಟೆ ಹಿಡಿದುಕೊಂಡು ಎರಡನೆಯ ಸಲ ಬರುತ್ತಿದ್ದರು. ಕೆಲವರು ಮೂರನೆಯ ಸಲವೂ ಬಂದು ಬೇರೆಯವರ ಮುಖ ಮಾಡಿಕೊಂಡು ನಿಲ್ಲುತ್ತಿದ್ದರು. ಅವಳು ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಬಡಿಸುತ್ತಿದ್ದಳು. ದೊಡ್ಡ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತ ಆ ಹೊತ್ತು ಅವಳ ಪಾಲಿಗೆ ದಿನದ ತಿರುಳು. ಉಳಿದದ್ದೆಲ್ಲ ಅದಕ್ಕೆ ಹೋಗುವ ದಾರಿ, ಅದರಿಂದ ಬರುವ ದಾರಿ.

ಅವತ್ತು ಸೊಪ್ಪಿನ ಸಾರು. ಜೊತೆಯ ಅಡುಗೆಯವಳು ಪುಟ್ಟಸಿದ್ದಮ್ಮ ತನ್ನೂರು ಭೀಮನಬೀಡಿನ ಹೊಲದಿಂದ ಬೆರಕೆ ಸೊಪ್ಪು ಕಿತ್ತು, ಮಂಕರಿಯಲ್ಲಿ ತುಂಬಿ ಬಸ್ಸಿಗೆ ಹಾಕಿಕೊಂಡು ತಂದಿದ್ದಳು. ಬೆರಕೆ ಸೊಪ್ಪು ಸೋಸುವುದೆಂದರೆ ಒಂದೊಂದೇ ಎಲೆ ಬಿಡಿಸಿ ನೋಡಬೇಕು: ಯಾವುದು ಕೀರೆ, ಯಾವುದು ಅಣ್ಣೆ, ಯಾವುದು ಬರೀ ಹುಲ್ಲು. ಒಂದು ಎಲೆ ಮಡಚಿಕೊಂಡಿತ್ತು. ಮೈಮುನಾ ಬಿಡಿಸಿದಳು. ಒಳಗೆ ಬಿಳಿ ಹತ್ತಿಯಂಥ ಪುಟ್ಟ ಚೀಲ. ಚೀಲ ಹರಿಯಿತು. ಅದರೊಳಗಿಂದ ತೆಳು ಹಳದಿಯ ಜೇಡವೊಂದು ಹೊರಬಂದು ಅವಳ ಬಲಗೈ ತೋರುಬೆರಳಿನ ಬುಡಕ್ಕೆ ಕಚ್ಚಿತು.

"ಯಾ ಅಲ್ಲಾ!"

"ಏನಾಯ್ತಕ್ಕ?"

"ಜೇಡ ಕಣೇ. ಕಚ್ಚಿಬಿಡ್ತು. ಕಣಜ ಹೊಡೆದಂಗೆ ಉರೀತದೆ."

"ಜೇಡ ಎಲ್ಲಾರ ಕಚ್ಚದಾ? ಉಚ್ಚೆ ಉಯ್ದಿರ್ತದೆ ಬುಡು. ನಮ್ಮತ್ತೆಗೂ ಉಯ್ದಿತ್ತು, ತುಟಿಯೆಲ್ಲಾ ಬೊಬ್ಬೆ."

"ನಿಮ್ಮತ್ತೆ ತುಟಿಮೇಲೆ ಹೋಗಿ ಯಾಕೆ ಹುಯ್ತದೆ?"

"ನಮ್ಮತ್ತೆ ಬಾಯಿ ಕೇಳಿದ್ರೆ ಯಾರಾದ್ರೂ ಉಯ್ತಾರೆ ಕಣಕ್ಕ."

ಪುಟ್ಟಸಿದ್ದಮ್ಮ ಜೇಡವನ್ನು ಎಲೆಸಮೇತ ಹಿತ್ತಲಿಗೆ ಎಸೆದಳು. ಮೈಮುನಾ ಸೋಪು ಹಚ್ಚಿ ಕೈ ತೊಳೆದು, ತಣ್ಣೀರಿನ ಬಟ್ಟೆ ಸುತ್ತಿಕೊಂಡು ಸಾರು ಮಾಡಿದಳು. ಮಕ್ಕಳು ಉಂಡರು. ಎಲ್ಲರೂ ಬದುಕಿದರು. ವಿಷಯ ಇಲ್ಲಿಗೆ ಮುಗಿಯಬಹುದಿತ್ತು.

ಆದರೆ ಮುಖ್ಯೋಪಾಧ್ಯಾಯರಾದ ಕನಕರಾಜು ಪ್ರಾಮಾಣಿಕರು. ಏನೇ ಆದರೂ ತಮ್ಮ ಹತ್ತಿರ ಇಟ್ಟುಕೊಳ್ಳದೆ ಮೇಲಕ್ಕೆ ತಿಳಿಸುತ್ತಿದ್ದರು. ಶಾಲೆಯ ಹೆಂಚು ಒಡೆದಾಗ ತಿಳಿಸಿದ್ದರು. ಹೆಂಚು ಇನ್ನೂ ಒಡೆದೇ ಇತ್ತು. ಬೋರ್‌ವೆಲ್ ಕೆಟ್ಟಾಗ ತಿಳಿಸಿದ್ದರು. ಅದೂ ಹಾಗೇ ಇತ್ತು. ಜೇಡದ ವಿಷಯ ಮಾತ್ರ ಸಂಜೆಯೊಳಗೆ ಮುಟ್ಟಬೇಕಾದವರಿಗೆ ಮುಟ್ಟಿತು. ಮಾರ್ಚಿ ತಿಂಗಳು ಹತ್ತಿರವಾಗಿತ್ತು, 'ಸಣ್ಣ ಜೀವಿಗಳಿಂದ ರಕ್ಷಣೆ' ಎಂಬ ಬಾಬ್ತಿನಲ್ಲಿ ಬಂದಿದ್ದ ಹಣ ಯಾರೂ ಮುಟ್ಟದೆ ಹಾಗೇ ಬಿದ್ದಿತ್ತು. ಅದು ವಾಪಸ್ಸು ಹೋಗುವುದು ತಾಲ್ಲೂಕಿಗೇ ಅವಮಾನವೆಂದು ತಿಳಿದವರು ಅಭಿಪ್ರಾಯಪಟ್ಟರು.

ಸಮಿತಿ ತನ್ನ ಮೊದಲ ಸಭೆಯಲ್ಲೇ ನಿಯಮಾವಳಿ ಹೊರಡಿಸಿತು. ಅದರ ಮುಖ್ಯಾಂಶ ಇಷ್ಟು: ಜೇಡದಿಂದ ಕಚ್ಚಿಸಿಕೊಂಡವರು ಪೂರ್ಣ ವಾಸಿಯಾಗುವವರೆಗೆ ಸರ್ಕಾರಿ ಆಹಾರ ಪದಾರ್ಥವನ್ನು ಮುಟ್ಟತಕ್ಕದ್ದಲ್ಲ. ವಾಸಿಯಾಗಿದೆಯೇ ಇಲ್ಲವೇ ಎಂಬುದನ್ನು ಕಚ್ಚಿದ ಜೇಡ ಯಾವುದೆಂದು ತಿಳಿದ ಮೇಲೆಯೇ ತೀರ್ಮಾನಿಸತಕ್ಕದ್ದು. ಕಚ್ಚಿದ ಜೇಡವನ್ನು ಸಮಿತಿಯ ಮುಂದೆ ಹಾಜರುಪಡಿಸುವ ಹೊಣೆ ಕಚ್ಚಿಸಿಕೊಂಡವರದು.

ಮೈಮುನಾಳನ್ನು ವಿಚಾರಣೆಗೆ ಕರೆಸಿದರು. ಮರಿಯಯ್ಯನವರು ಬಿಳಿ ಜುಬ್ಬಾದ ತೋಳು ಮಡಚಿಕೊಂಡು, ಗಂಭೀರವಾಗಿ ಬಾಳೆಹಣ್ಣು ತಿನ್ನುತ್ತಿದ್ದರು.

"ಜೇಡ ಎಲ್ಲಮ್ಮಾ?"

"ಎಸೆದ್ವಿ ಸಾರ್."

"ಸಾಕ್ಷೀನ ಎಸೆದ್ರಾ?"

"ಸಾರ್, ಅದು ಜೇಡ."

"ಕಚ್ಚೋ ತನಕ ಜೇಡ. ಕಚ್ಚಿದ ಮೇಲೆ ಸಾಕ್ಷಿ."

"ಕೈ ವಾಸಿ ಆಗ್ತಾ ಇದೆ ಸಾರ್. ನೋಡಿ, ಊತ ಇಳಿದಿದೆ."

"ಎಲ್ಲಿಗೆ ಇಳೀತು?"

"ಎಲ್ಲಿಗೂ ಇಲ್ಲ. ಹೋಯ್ತು."

ಮರಿಯಯ್ಯನವರು ಸಿಪ್ಪೆಯನ್ನು ಮೇಜಿನ ಮೇಲಿಟ್ಟು ತಂದೆಯ ಪ್ರೀತಿಯಿಂದ ನಕ್ಕರು. "ನಾನು ನಲವತ್ತು ವರ್ಷದಿಂದ ನೋಡ್ತಾ ಇದೀನಿ. ಯಾವುದೂ ಸುಮ್ಮನೆ ಹೋಗಲ್ಲಮ್ಮ. ಒಳಗೆ ಎಲ್ಲೋ ಇಳಿದಿರುತ್ತೆ."

ಸಮಿತಿಗೆ ನಿಯೋಜಿತಳಾಗಿದ್ದ ನರ್ಸು ಚಿಕ್ಕಮಲ್ಲಮ್ಮ ಬಂದು ಬಲಗೈಗೆ ಮಣಿಕಟ್ಟಿನವರೆಗೆ ಬ್ಯಾಂಡೇಜು ಸುತ್ತಿದಳು. ಅಡುಗೆಮನೆಯ ಬೀಗದ ಕೈಯನ್ನು ಮೈಮುನಾಳಿಂದ ಪಡೆದು, ಮರಿಯಯ್ಯನವರ ನಾದಿನಿ ಸುಧಾಮಣಿಗೆ ತಾತ್ಕಾಲಿಕವಾಗಿ ಒಪ್ಪಿಸಲಾಯಿತು. ಸುಧಾಮಣಿಗೆ ಅಡುಗೆ ಬರುತ್ತಿರಲಿಲ್ಲ. ಆದರೆ ಅವಳನ್ನು ಜೇಡ ಕಚ್ಚಿರಲಿಲ್ಲ. ನಿಯಮಾವಳಿಯಲ್ಲಿ ಅರ್ಹತೆ ಎಂದು ಬರೆದಿದ್ದುದು ಅದೊಂದೇ.

ಮನೆಯಲ್ಲಿ ಇನಾಯತ್ ಉಲ್ಲಾ ಬ್ಯಾಂಡೇಜನ್ನು ಹೊಲಿಗೆಯವನ ಕಣ್ಣಿನಿಂದ ತಿರುಗಿಸಿ ತಿರುಗಿಸಿ ನೋಡಿದ. ಮನೆಮಾತು ಉರ್ದುವಿನಲ್ಲಿ ಕೇಳಿದ, "ಮನೇಲಿ ಅಡುಗೆ ಮುಟ್ಟಬಹುದಾ?"

"ಮುಟ್ಟಬಹುದಂತೆ. ನಿಯಮ ಸರ್ಕಾರಿ ಅಕ್ಕಿಗೆ ಮಾತ್ರ."

"ಅಂದ್ರೆ ನಾನು ಸತ್ರೆ ಪರವಾಗಿಲ್ಲ."

"ನಿಮ್ಮ ವಿಷಯ ಸಭೆಯಲ್ಲಿ ಬರಲಿಲ್ಲ."

ಅವನು ಎರಡು ರೊಟ್ಟಿ ಜಾಸ್ತಿಯೇ ತಿಂದ. ಮೈಮುನಾ ತಿನ್ನಲಿಲ್ಲ. ಶಾಲೆಯ ಹೊತ್ತಾಗುತ್ತಿದ್ದಂತೆ ಅವಳ ಕಾಲು ತಾನೇ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಪುಟ್ಟಸಿದ್ದಮ್ಮ ಮಧ್ಯಾಹ್ನ ಪಾತ್ರೆ ತೊಳೆದು, ಬಸ್ಸಿಗೆ ಮುಂಚೆ ಇವಳ ಮನೆ ಹೊಕ್ಕು ಸುದ್ದಿ ಹೇಳುತ್ತಿದ್ದಳು.

"ಇವತ್ತು ಸಾರಿಗೆ ಉಪ್ಪು ಎರಡು ಸಲ ಆಕಿದ್ಲು ಕಣಕ್ಕ. ಯಾಕವ್ವ ಅಂದ್ರೆ, ಮೊದಲ್ನೇದು ಮರ್ತೋಗಿತ್ತು ಅಂದ್ಲು."

"ಮಕ್ಕಳು?"

"ತಟ್ಟೆ ಮೋರಿಗೆ ಸುರುದ್ರು. ಮೋರಿ ಒಳಗಿದ್ದ ಇಲಿನೂ ಎದ್ದು ಓಯ್ತು."

ಮೈಮುನಾ ನಗಲಿಲ್ಲ. ಬ್ಯಾಂಡೇಜಿನ ಕೆಳಗೆ ಕೈ ಆಗಲೇ ಪೂರ್ತಿ ವಾಸಿಯಾಗಿತ್ತು. ಸಣ್ಣ ಕಲೆಯೊಂದಿತ್ತು, ಅದೂ ಮಾಸುತ್ತಿತ್ತು. ಅವಳಿಗೆ ಆ ಕಲೆ ಮಾಸುವುದೇ ಒಂದು ಆತಂಕವಾಯಿತು. ಜೇಡ ಹಾಜರಾಗುವವರೆಗೆ ವಾಸಿಯಾಗಲು ಅವಕಾಶವಿಲ್ಲ, ಕಲೆಯೂ ಹೋದರೆ ಕಚ್ಚಿದ್ದಕ್ಕೇ ಆಧಾರವಿಲ್ಲ.

ಇಷ್ಟರಲ್ಲಿ ಮೈಕು ಕಟ್ಟಿದ ಆಟೋ ಪೇಟೆಯ ಬೀದಿಗಳಲ್ಲೂ ಸುತ್ತಲ ಊರುಗಳಲ್ಲೂ ಸಂಚರಿಸಿತು. "ಮಾನ್ಯ ಮಹಾಜನಗಳೇ! ನಿಮ್ಮ ಮನೆ, ಹೊಲ, ಕೊಟ್ಟಿಗೆಗಳಲ್ಲಿ ಅಡಗಿರುವ ಜೇಡಗಳನ್ನು ಹಿಡಿದು ಸಮಿತಿಗೆ ಒಪ್ಪಿಸಿ ಸಹಕರಿಸಿ! ಕಚ್ಚಿಸಿಕೊಂಡವರಿಗೆ ಒಂದು ಪ್ಲಾಸ್ಟಿಕ್ ಬಕೆಟ್ಟು, ಒಂದು ಸೊಳ್ಳೆಪರದೆ ಉಚಿತ! ಕಚ್ಚಿಸಿಕೊಳ್ಳದವರು ಗಾಬರಿಯಾಗಬೇಕಾಗಿ ವಿನಂತಿ!"

ಸೊಳ್ಳೆಪರದೆ ಜೇಡವನ್ನು ತಡೆಯುತ್ತದೆಯೇ ಎಂದು ಸಭೆಯಲ್ಲಿ ಒಬ್ಬ ಸದಸ್ಯರು ಕೇಳಿದ್ದರು. ಪರದೆಗಳನ್ನು ಆಗಲೇ ಕೊಂಡಾಗಿದೆ ಎಂದು ಮರಿಯಯ್ಯನವರು ವಿವರಿಸಿದ ಮೇಲೆ ಸದಸ್ಯರ ಸಂದೇಹ ನಿವಾರಣೆಯಾಯಿತು.

ಜೊತೆಗೆ ದೊಡ್ಡ ಫ್ಲೆಕ್ಸುಗಳೂ ಎದ್ದವು. ಫ್ಲೆಕ್ಸಿನವನ ಕಂಪ್ಯೂಟರಿನಲ್ಲಿ ಇದ್ದುದು ಒಂದೇ ಜೇಡದ ಚಿತ್ರ: ಯಾವುದೋ ದೂರದೇಶದ, ಅಂಗೈಗಿಂತ ಅಗಲದ, ಮೈತುಂಬ ಕರಿಕೂದಲಿನದು. ಅದರ ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ ಮರಿಯಯ್ಯನವರು ಕೈಮುಗಿದು ನಿಂತಿದ್ದರು. ಇಬ್ಬರಲ್ಲಿ ಯಾರಿಂದ ಎಚ್ಚರವಾಗಿರಬೇಕು ಎಂದು ಬರೆದಿರಲಿಲ್ಲ. ಜನ ಮನೆಗೆ ಹೋಗಿ, ತಲೆತಲಾಂತರದಿಂದ ಗೋಡೆಯ ಮೇಲೆ ಜಿರಲೆ ತಿಂದುಕೊಂಡಿದ್ದ ಬಡ ಜೇಡಗಳನ್ನು ಪೊರಕೆಯಿಂದ ಬಡಿದರು. ತೆಳು ಹಳದಿಯ ಸಣ್ಣ ಜೇಡಗಳು ಎಲೆ ಮಡಚಿಕೊಂಡು ಸುಖವಾಗಿದ್ದವು.

ನಂತರ ಗುರುತಿನ ಪೆರೇಡ್ ನಡೆಯಿತು.

ಶಾಲೆಯ ಅಂಗಳದಲ್ಲಿ ಬೆಂಚು ಹಾಕಿ, ಜನ ತಂದ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ಹಾರ್ಲಿಕ್ಸ್ ಬಾಟಲಿ, ಉಪ್ಪಿನಕಾಯಿ ಬಾಟಲಿ, ಬ್ರಾಂಡಿಯ ಕ್ವಾರ್ಟರ್ ಬಾಟಲಿ. ಕ್ವಾರ್ಟರ್ ಬಾಟಲಿಯ ಜೇಡ ಅಷ್ಟೇನೂ ಓಡಾಡುತ್ತಿರಲಿಲ್ಲ. ಒಂದರಲ್ಲಿ ಗೋಡೆಜೇಡ, ಒಂದರಲ್ಲಿ ಮೂಲೆಯಲ್ಲಿ ಬಲೆ ಕಟ್ಟುವ ಉದ್ದಗಾಲಿನದು, ಒಂದರಲ್ಲಿ ಕಪ್ಪಿರುವೆ. ಇರುವೆ ತಂದವನು ಅದಕ್ಕೆ ಆರೇ ಕಾಲಿರುವುದನ್ನು ಒಪ್ಪಿಕೊಂಡ. ಇನ್ನೆರಡು ಬರುವ ದಾರಿಯಲ್ಲಿ ಮುರಿದುಹೋದವೆಂದ. ಅದು ತನ್ನನ್ನು ಕಚ್ಚಿದ್ದಂತೂ ನಿಜವೆಂದದ್ದರಿಂದ ಅವನಿಗೂ ಬಕೆಟ್ಟು ಕೊಟ್ಟರು.

ಮೈಮುನಾ ಸಾಲಿನ ಉದ್ದಕ್ಕೂ ನಡೆದಳು. ಪುಟ್ಟಸಿದ್ದಮ್ಮ ಹಿತ್ತಲಿನಿಂದ ಹುಡುಕಿ ತಂದಿದ್ದ ಬಾಟಲಿಯ ಮುಂದೆ ನಿಂತಳು. ತೆಳು ಹಳದಿ ಮೈ, ಮುಂದಿನ ಕಾಲು ಎಲ್ಲಕ್ಕಿಂತ ಉದ್ದ, ಬಾಯಿ ಮಾತ್ರ ಮಸಿಯಲ್ಲಿ ಅದ್ದಿದ ಹಾಗೆ ಕಪ್ಪು.

"ಇದೇ ಸಾರ್. ಇದೇ ಜಾತಿ."

"ಜಾತಿ ಬೇಡಮ್ಮಾ, ಆಸಾಮಿ ಬೇಕು," ಎಂದರು ಮರಿಯಯ್ಯ. "ನಿಮ್ಮನ್ನ ಕಚ್ಚಿದ್ದು ಇದೇನಾ?"

"ಅದು ಹೆಂಗೆ ಹೇಳ್ಲಿ ಸಾರ್? ಅದು ನನ್ನ ಮುಖ ನೋಡಿ ಏನೂ ಹೇಳ್ತಾ ಇಲ್ಲ."

"ತಪ್ಪಿತಸ್ಥರು ಹಾಗೇ ಇರೋದು," ಎಂದು ಅವರು ಬಾಟಲಿಗೆ ಮುದ್ರೆ ಹಾಕಿಸಿದರು.

ಮುದ್ರೆಯಾದ ಜೇಡವನ್ನು ಪರಿಶೀಲಿಸಲು ಚಾಮರಾಜನಗರದಿಂದ ಪ್ರಾಣಿಶಾಸ್ತ್ರದ ಮೇಷ್ಟ್ರು ಗುರುಪಾದಸ್ವಾಮಿಯವರನ್ನು ಕರೆಸಲಾಯಿತು. ಜೀಪು ಮರಿಯಯ್ಯನವರ ಹೆಂಡತಿಯನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದರಿಂದ ಅವರು ಬಸ್ಸಿನಲ್ಲಿ ಬಂದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೈಮುನಾಳ ಬ್ಯಾಂಡೇಜು ಬಿಚ್ಚಿಸಿ ಕೈ ನೋಡಿದರು.

"ಇದು ಚೀಲ ಜೇಡ. ಬಲೆ ನೇಯಲ್ಲ. ಎಲೆ ಮಡಚಿ, ಒಳಗೆ ನೂಲಿನ ಚೀಲ ಮಾಡಿಕೊಂಡು ಹಗಲೆಲ್ಲ ಅದರೊಳಗೇ ಇರುತ್ತೆ. ಇದು ಹೆಣ್ಣು. ಚೀಲದಲ್ಲಿ ಮೊಟ್ಟೆ ಇದ್ದಿರಬೇಕು, ನೀವು ಬಾಗಿಲು ತೆಗೆದ್ರಿ, ಕಚ್ಚಿದೆ."

"ನಾನಾದ್ರೂ ಕಚ್ಚಿರ್ತಿದ್ದೆ ಸಾರ್," ಎಂದಳು ಮೈಮುನಾ. "ಅಪಾಯ ಏನಾದ್ರೂ?"

"ಉರಿ, ಕೆಂಪು, ಊತ, ನವೆ. ಕೆಲವರಿಗೆ ಸಣ್ಣ ಹುಣ್ಣಾಗಬಹುದು. ಸೋಪಿನಲ್ಲಿ ತೊಳೆದು ತಣ್ಣನೆ ಬಟ್ಟೆ ಇಟ್ಟರೆ ಸಾಮಾನ್ಯವಾಗಿ ತಾನೇ ಹೋಗುತ್ತೆ. ಹುಣ್ಣು ದೊಡ್ಡದಾದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಬೇಕು. ಇದರಿಂದ ಸತ್ತವರು ಎಲ್ಲೂ ವರದಿಯಾಗಿಲ್ಲ. ನಿಮ್ಮ ಕೈ ವಾಸಿಯಾಗಿದೆ."

ಅಷ್ಟು ದಿನಗಳಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ಮೈಮುನಾ ಸಮಿತಿಯವರತ್ತ ಕೈ ತೋರಿಸಿದಳು. "ಸ್ವಲ್ಪ ಅವರಿಗೂ ಹೇಳಿ ಸಾರ್," ಎಂದಳು.

ಅವರು ಹೇಳಿದರು, ಬರೆದೂ ಕೊಟ್ಟರು. ಹೊರಡುವಾಗ ಬಕೆಟ್ಟಿನ ಸಾಲಿನಲ್ಲಿ ನಿಂತಿದ್ದವರನ್ನು ನೋಡುತ್ತ ಹೋದರು. ಒಬ್ಬನದು ಗಜಕರ್ಣ, ಒಬ್ಬಳದು ಕುಕ್ಕರಿನ ಸುಟ್ಟಗಾಯ, ಒಬ್ಬನದು ಹಂಬುಜಾಲಿಯ ಮುಳ್ಳು. ಭೀಮನಬೀಡಿನ ಮಂಚಮ್ಮನ ಕಾಲಿನ ಹುಣ್ಣು ನೋಡಿ ಮಾತ್ರ ನಿಂತರು.

"ಇದು ಜೇಡದ್ದಲ್ಲಮ್ಮ. ಎಷ್ಟೋ ಜನ ಹೀಗೇ ಜೇಡ ಅಂದುಕೊಂಡು ಸುಮ್ಮನಿದ್ದುಬಿಡ್ತಾರೆ. ಸಕ್ಕರೆ ಕಾಯಿಲೆ ಇರಬಹುದು. ಇವತ್ತೇ ಆಸ್ಪತ್ರೆಗೆ ಹೋಗಿ."

"ಸಕ್ಕರೆಗೆ ಪರದೆ ಕೊಡ್ತರಾ ಸಾ?"

"ಇಲ್ಲ."

"ಅಂಗಾರೆ ಜೇಡನೇ ಇರ್ಲಿ ಬುಡಿ."

ಹೇಗೂ ಕೆಲಸವಿಲ್ಲದ ಮೈಮುನಾ ಮಂಚಮ್ಮನನ್ನು ತೋಳು ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಸಕ್ಕರೆ ಇತ್ತು. ಕಾಲು ಉಳಿಯಿತು. ಜೇಡದ ಹಾವಳಿಯಿಂದ ಸಮಿತಿ ಪಾರುಮಾಡಿದ ಮೊದಲ ಜೀವ ಎಂದು ಮಂಚಮ್ಮನನ್ನು ಘೋಷಿಸಲಾಯಿತು.

ಗುರುಪಾದಸ್ವಾಮಿಯವರ ಅಭಿಪ್ರಾಯವನ್ನು ಸಮಿತಿ ಕೂಲಂಕಷವಾಗಿ ಚರ್ಚಿಸಿತು. ಕಚ್ಚಿದ ಆಸಾಮಿ ಇದೇ ಎಂದು ಸಾಬೀತಾಗಿಲ್ಲವಾದ್ದರಿಂದ, ಕೈ ವಾಸಿಯಾಗಿದೆ ಎಂಬ ಮಾತನ್ನು ಬದಿಗಿಟ್ಟು ಬ್ಯಾಂಡೇಜನ್ನು ಮತ್ತೆ ಸುತ್ತಿಸಿತು. 'ಸತ್ತವರು ವರದಿಯಾಗಿಲ್ಲ' ಎಂಬ ವಾಕ್ಯದ ಬಗ್ಗೆ ತೀವ್ರ ಕಳವಳ ವ್ಯಕ್ತವಾಯಿತು. ಸತ್ತವರು ಬಂದು ವರದಿ ಮಾಡುವ ಸ್ಥಿತಿಯಲ್ಲಿರುವುದಿಲ್ಲವಾದ್ದರಿಂದ ಈ ವಾಕ್ಯದಿಂದ ಸಾವಿನ ಪ್ರಮಾಣ ಎಷ್ಟೆಂದು ಊಹಿಸಲೂ ಆಗದೆಂದು ತೀರ್ಮಾನಿಸಿ, ತಾಲ್ಲೂಕನ್ನು ಜೇಡಪೀಡಿತವೆಂದು ಘೋಷಿಸುವಂತೆ ಮೇಲಿನವರನ್ನು ಕೋರಲಾಯಿತು.

ಬರಪೀಡಿತ, ನೆರೆಪೀಡಿತ ಎಂಬವನ್ನು ಜನ ಬಲ್ಲರು. ಪೀಡಿತವಾದ ಊರಿಗೆ ರಸ್ತೆ ಬರುತ್ತದೆ, ಬೋರ್‌ವೆಲ್ ಬರುತ್ತದೆ, ಫೋಟೋ ತೆಗೆಯುವವರು ಬರುತ್ತಾರೆ. ಏನೂ ಪೀಡೆಯಿಲ್ಲದ ಊರನ್ನು ಯಾರು ಕೇಳುತ್ತಾರೆ? ಭೀಮನಬೀಡಿನವರು ಎಚ್ಚೆತ್ತರು. ಸೊಪ್ಪು ನಮ್ಮ ಹೊಲದ್ದು, ಆದ್ದರಿಂದ ಜೇಡ ನಮ್ಮೂರಿನದು, ಮೊದಲು ಪೀಡಿತರಾಗಬೇಕಾದವರು ನಾವು ಎಂದು ಹೆದ್ದಾರಿಗೆ ಕಲ್ಲು ಅಡ್ಡವಿಟ್ಟು ಕುಳಿತರು. ಕೇರಳಕ್ಕೆ ಹೊರಟ ಈರುಳ್ಳಿ ಲಾರಿಗಳು ಸಾಲುಗಟ್ಟಿ ನಿಂತವು. ಡ್ರೈವರೊಬ್ಬ ಇಳಿದುಬಂದು ಯಾಕೆಂದು ಕೇಳಿ, ತಿಳಿದುಕೊಂಡು, ತನ್ನ ಕಂಕುಳಿನ ಕುರುವನ್ನು ತೋರಿಸಿ ಬಕೆಟ್ಟು ಪಡೆದು ಹೋದ. ಅತ್ತ ಹರದನಹಳ್ಳಿಯವರು ಅದೇ ಜೇಡ ತಮ್ಮಲ್ಲೂ ಇದ್ದು, ಚಾಮರಾಜನಗರ ತಾಲ್ಲೂಕಿಗೆ ಸೇರಿದ ಒಂದೇ ಕಾರಣಕ್ಕೆ ಅದನ್ನು ಕಡೆಗಣಿಸಲಾಗಿದೆ ಎಂದು ನೊಂದುಕೊಂಡರು.

ಬಂದವರ ಗಾಯಗಳಲ್ಲೆಲ್ಲ, ಜೇಡವೇ ಕಚ್ಚಿದ್ದೆಂದು ತಿಳಿದವರೊಬ್ಬರು ಒಪ್ಪಿದ್ದುದು ಮೈಮುನಾಳ ಕೈಯೊಂದನ್ನೇ. ಇಡೀ ತಾಲ್ಲೂಕಿನ ಪೀಡೆ ಆ ಬ್ಯಾಂಡೇಜಿನ ಮೇಲೆ ನಿಂತಿತ್ತು. ಹಾಗಾಗಿ ಭೀಮನಬೀಡಿನ ಹಿರಿಯರು ಬಾಳೆಗೊನೆ ಹೊತ್ತುಕೊಂಡು ಅವಳ ಮನೆಗೆ ಬಂದರು.

"ನಿಮ್ಮ ಕೈ ಎಂಗದೆ ತಾಯಿ?"

"ವಾಸಿಯಾಗಿದೆ ಅಣ್ಣಾ."

"ಅಂಗನ್ಬ್ಯಾಡಿ ತಾಯಿ! ನಿಮ್ಮ ಕೈ ವಾಸಿಯಾದ್ರೆ ನಮ್ಮೂರ್ಗೆ ರಸ್ತೆ ಬರಾಕಿಲ್ಲ. ನೀವು ಇನ್ನೂ ಒಂದೆರಡು ವರ್ಸ ನರಳ್ಬೇಕು. ನಿಮ್ಮನ್ನ ನಾವು ಕೈಬುಡಾಕಿಲ್ಲ."

"ನನಗೆ ಅಡುಗೆಮನೆ ಬೇಕು ಅಣ್ಣಾ. ಮಕ್ಕಳು ಮೋರಿಗೆ ಸುರೀತಾ ಇದಾರೆ."

"ಸುರೀಲಿ ಬುಡಿ. ರಸ್ತೆ ಬಂದ್ಮೇಲೆ ಉಣ್ತರೆ."

ಅವರು ಹೋದ ಮೇಲೆ ಇನಾಯತ್ ಉಲ್ಲಾ ಬಾಳೆಗೊನೆಯನ್ನು ತೊಲೆಗೆ ನೇತುಹಾಕಿದ. "ಒಳ್ಳೆ ಜನ," ಎಂದ.

"ನನ್ನ ಕೈ ಯಾರದು?" ಎಂದಳು ಮೈಮುನಾ.

ಅವನು ಹೆಂಡತಿಯ ಮುಖ ನೋಡಿ ಹಣ್ಣು ಕೀಳುವುದನ್ನು ನಿಲ್ಲಿಸಿದ.

ಘೋಷಣಾ ಸಮಾರಂಭ ಶಾಲೆಯ ಮೈದಾನದಲ್ಲಿ ಏರ್ಪಾಡಾಯಿತು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಗುಲಾಬಿ ಹಾರ. ಮೇಲಿನ ಸಾಹೇಬರು ಬಂದು ದೀಪ ಹಚ್ಚುವುದು, ಮೈಮುನಾ ಬ್ಯಾಂಡೇಜಿನ ಕೈಯನ್ನು ಎತ್ತಿ ಸಭೆಗೆ ತೋರಿಸುವುದು, ಸಾಹೇಬರು ಮರುಗುವುದು, ಆಮೇಲೆ ಘೋಷಿಸುವುದು ಎಂದು ಕಾರ್ಯಕ್ರಮ ನಿಗದಿಯಾಗಿತ್ತು. ಸಾಹೇಬರು ಊಟ ಮುಗಿಸಿಕೊಂಡು ಬರುವುದು ತಡವಾಯಿತು. ಮೈಮುನಾ ಎದ್ದು ವೇದಿಕೆಯ ಹಿಂದೆ ಬಾಳೆಹಣ್ಣು ತಿನ್ನುತ್ತಿದ್ದ ಮರಿಯಯ್ಯನವರ ಹತ್ತಿರ ಹೋದಳು.

"ಸಾರ್, ನನಗೆ ಅಡುಗೆಮನೆ ಕೊಡಿ."

"ವಾಸಿಯಾದ ಮೇಲೆ ನೋಡೋಣಮ್ಮ."

"ವಾಸಿಯಾಗಿದೆ. ಬೇಕಾದ್ರೆ ಸಾಹೇಬರ ಮುಂದೇನೇ ಬಿಚ್ಚಿ ತೋರಿಸ್ತೀನಿ."

ಮರಿಯಯ್ಯನವರ ಗಂಟಲಲ್ಲಿ ಹಣ್ಣು ನಿಂತಿತು. "ಏನಮ್ಮಾ, ಹೆದರಿಸ್ತಾ ಇದೀರಾ?"

"ಇಲ್ಲ ಸಾರ್. ಬಿಚ್ತಾ ಇದೀನಿ."

ಅವಳು ನಿಜವಾಗಿಯೂ ಒಂದು ಸುತ್ತು ಬಿಚ್ಚಿದಳು. ಪುಟ್ಟಸಿದ್ದಮ್ಮ ಬಿಚ್ಚಿದ ತುದಿಯನ್ನು ಹಿಡಿದುಕೊಂಡು, "ಎಳೀಲಾ ಅಕ್ಕ?" ಎಂದಳು. ಅಲ್ಲೇ, ವೇದಿಕೆಯ ಹಿಂಭಾಗದಲ್ಲೇ, ಸಮಿತಿಯ ತುರ್ತುಸಭೆ ಸೇರಿತು. ಇತ್ತ ಕೈ ವಾಸಿಯಾಗುವಂತಿಲ್ಲ, ಅತ್ತ ಬಿಚ್ಚುವಂತಿಲ್ಲ. ಮುಖ್ಯೋಪಾಧ್ಯಾಯ ಕನಕರಾಜು, ತಮ್ಮ ಹತ್ತಿರ ಏನನ್ನೂ ಇಟ್ಟುಕೊಳ್ಳದ ಸ್ವಭಾವದವರಾದ್ದರಿಂದ, ತಲೆಗೆ ಬಂದದ್ದನ್ನು ಹೇಳಿಬಿಟ್ಟರು:

"ಕಚ್ಚಿದ್ದು ಬಲಗೈಗೆ ತಾನೆ ಸಾರ್? ಎಡಗೈ ಏನು ತಪ್ಪು ಮಾಡಿದೆ?"

ಸಭೆ ಎಡಗೈಯನ್ನು ಪರಿಶೀಲಿಸಿತು. ನಂತರ ಈ ಕೆಳಕಂಡ ಆದೇಶ ಹೊರಬಿತ್ತು. ಶ್ರೀಮತಿ ಮೈಮುನಾ ಅವರ ಬಲಗೈ ಸಂತ್ರಸ್ತ ಕೈಯಾಗಿ ಮುಂದುವರಿಯತಕ್ಕದ್ದು. ಸದರಿಯವರ ಎಡಗೈಯನ್ನು ಕಡಿತಕ್ಕೆ ಒಳಗಾಗದ ಕೈ ಎಂದು ಪರಿಗಣಿಸಿ, ಮುಖ್ಯ ಅಡುಗೆ ಕೈಯಾಗಿ ಈ ಕೂಡಲೇ ನೇಮಿಸಲಾಗಿದೆ. ತೆರವಾದ ಬಲಗೈಯ ಸ್ಥಾನದಲ್ಲಿ ಸುಧಾಮಣಿಯವರು ತಮ್ಮ ಸಂಬಳ ಸಹಿತ ಮುಂದುವರಿಯತಕ್ಕದ್ದು.

ಸಾಹೇಬರು ಬಂದರು. ಮೈಮುನಾ ಕೈ ಎತ್ತಿದಳು. ಸಾಹೇಬರು ಮರುಗಿದರು. ತಾಲ್ಲೂಕು ಜೇಡಪೀಡಿತವಾಯಿತು. ಭೀಮನಬೀಡಿನವರು ಪಟಾಕಿ ಹೊಡೆದರು.

ಮರುದಿನ ಮೈಮುನಾ ಅಡುಗೆಮನೆಗೆ ಹೋದಳು. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಸುಧಾಮಣಿ ಬಲಗೈಯ ಸ್ಥಾನದಲ್ಲಿ ಕುಳಿತಿದ್ದಳು. ಮೈಮುನಾ ಎಡಗೈಯಲ್ಲಿ ಬೇಳೆ ತೊಳೆದಳು, ಎಡಗೈಯಲ್ಲಿ ಒಗ್ಗರಣೆ ಹಾಕಿದಳು. ಎಣ್ಣೆ ಸಿಡಿದು ಮೊಣಕೈಗೆ ತಾಗಿತು. ಅದನ್ನು ಮೇಲಕ್ಕೆ ತಿಳಿಸಬಾರದೆಂದು ಕನಕರಾಜುವಿನ ಹತ್ತಿರ ಆಣೆ ಹಾಕಿಸಿಕೊಂಡಳು. ಸಾರಿನ ವಾಸನೆ ತರಗತಿಗಳವರೆಗೂ ಹೋಯಿತು. ಗಂಟೆ ಹೊಡೆಯುವ ಮೊದಲೇ ಮಕ್ಕಳು ತಟ್ಟೆ ಹಿಡಿದು ಸಾಲು ನಿಂತರು.

ಅವಳು ಎಡಗೈಯಲ್ಲಿ ಸೌಟು ಎತ್ತಿದಳು. ಸಾಲು ಅಲ್ಲೇ ನಿಂತಿತು. ಎಡಗೈಯಲ್ಲಿ ಬಡಿಸಿದ ಅನ್ನ ಯಾರು ತಿನ್ನುತ್ತಾರೆ? ಅದನ್ನು ಯಾವ ಮನೆಯಲ್ಲೂ, ಹಿಂದೂಗಳ ಮನೆಯಲ್ಲಾಗಲಿ ಮುಸಲ್ಮಾನರ ಮನೆಯಲ್ಲಾಗಲಿ, ಮಕ್ಕಳಿಗೆ ಕಲಿಸಿಕೊಟ್ಟಿರಲಿಲ್ಲ. ಮಾತು ಬೀದಿಗೆ ಹೋಯಿತು. ಅಪ್ಪಂದಿರು ಬಂದರು. "ಸಾರು ಚೆನ್ನಾಗದೆ, ವಾಸನೇಲೇ ಗೊತ್ತಾಯ್ತದೆ. ಆದ್ರೂ ಎಡಗೈ ಎಡಗೈಯೇ ಅಲ್ವಾ ಮೇಷ್ಟ್ರೇ?" ಎಂದರು. ಬಲಗೈಯಲ್ಲಿ ಬಡಿಸಿದರೆ ತಾಲ್ಲೂಕಿನ ಪೀಡೆ ಹೋಗುತ್ತದೆ, ಎಡಗೈಯಲ್ಲಿ ಬಡಿಸಿದರೆ ಮಕ್ಕಳು ಹಸಿದಿರುತ್ತಾರೆ. ಮೈಮುನಾ ಎತ್ತಿದ ಸೌಟನ್ನು ಇಳಿಸಲಿಲ್ಲ.

ಕನಕರಾಜು ಓಡಿಹೋಗಿ ಫೋನು ಮಾಡಿ, ಬೆವರೊರೆಸಿಕೊಳ್ಳುತ್ತ ಬಂದು, ಜಗಲಿಯ ಮೇಲೆ ನಿಂತು ಓದಿದರು: "ತಿದ್ದುಪಡಿ. ಬಿಸಿಯೂಟದ ಅಡುಗೆಮನೆ ಹಾಗೂ ಊಟದ ಸಾಲಿನ ಎಲ್ಲೆಯೊಳಗೆ ಸದರಿಯವರ ಎಡಗೈಯನ್ನು ಬಲಗೈ ಎಂದೇ ಭಾವಿಸತಕ್ಕದ್ದು."

ಅಪ್ಪಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸರ್ಕಾರದೋರೇ ಅಂದ್ಮೇಲೆ ಬಲಗೈಯೇ ಬುಡಿ," ಎಂದನೊಬ್ಬ.

"ನಂಗೆ ಮೊದ್ಲೇ ಅಂಗೇ ಕಂಡಿತ್ತು," ಎಂದ ಇನ್ನೊಬ್ಬ.

ಸಾಲು ಮುಂದಕ್ಕೆ ಸರಿಯಿತು. ಮಕ್ಕಳು ಉಂಡರು, ಎರಡನೆಯ ಸಲ ಬಂದರು. ಮೂರನೆಯ ಸಲ ಬೇರೆಯವರ ಮುಖ ಮಾಡಿಕೊಂಡು ಬಂದವರ ಹಿಂದೆ ಇಬ್ಬರು ಅಪ್ಪಂದಿರೂ ತಟ್ಟೆ ಹಿಡಿದಿದ್ದರು. ಅವತ್ತು ಮೋರಿಗೆ ಏನೂ ಹೋಗಲಿಲ್ಲ.

ಅಲ್ಲಿಂದಾಚೆಗೆ ಪ್ರತಿ ಸೋಮವಾರ ನರ್ಸು ಚಿಕ್ಕಮಲ್ಲಮ್ಮ ಬಂದು ಅಡುಗೆಮನೆಯ ಹೊಸಿಲಿನ ಮೇಲೆ ಕೂರುತ್ತಾಳೆ. ಹಳೆಯ ಬ್ಯಾಂಡೇಜು ಬಿಚ್ಚುತ್ತಾಳೆ. ಬೆಳಕಿಗೆ ಹಿಡಿದು ನೋಡಿದರೂ ಕಲೆ ಕಾಣದ ಆ ಕೈಯನ್ನು ಹಿಂದೆಮುಂದೆ ತಿರುಗಿಸಿ, "ಗಾಯ ತೃಪ್ತಿಕರವಾಗಿದೆ," ಎಂದು ಹೇಳಿ ಹೊಸ ಬ್ಯಾಂಡೇಜು ತೆಗೆಯುತ್ತಾಳೆ.

"ಸ್ವಲ್ಪ ಬಿಗಿಯಾಗೇ ಕಟ್ಟು ಸಿಸ್ಟರ್," ಎನ್ನುತ್ತಾಳೆ ಮೈಮುನಾ, ಕುದಿಯುವ ಬೇಳೆಯ ಮೇಲೊಂದು ಕಣ್ಣಿಟ್ಟುಕೊಂಡು. "ಹೋದ ವಾರದ್ದು ಸಡಿಲ ಆಗಿ, ವಾಸಿಯಾಗಿರೋದು ಕಾಣಿಸ್ತಾ ಇತ್ತು."